ಊಟ ಆತೇನವಾ?

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳುವುದರಲ್ಲಿ ಏನಿದೆ? ಅವಳು ಸಮಾಜ ಕಾರ್ಯಕರ್ತೆ. ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಹತ್ತಿರವಿರುವ ನಮ್ಮ ಸರ್ಕಾರಿ ಹೈಸ್ಕೂಲಿಗೆ ಒಂದು ಸಂಸ್ಥೆಯವರು ಕಳಿಸಿದ್ದರು. ಮನೆ ಇಲ್ಲದ, ಹೊಟ್ಟೆಗಿಲ್ಲದ ಮಕ್ಕಳನ್ನು ಗುರುತಿಸಿ, ಅವರ ಪರವಾಗಿ ಕಚೇರಿಗಳಿಗೆ ಅಲೆದು, ಸಿಗಬೇಕಾದದ್ದನ್ನು ಕೊಡಿಸುವುದು ಅವಳ ಕೆಲಸ. ಇಷ್ಟು ವರ್ಷ ಅಲ್ಲೇ ಕನ್ನಡ ಕಲಿಸುತ್ತಿರುವ ನಾನು ಮಕ್ಕಳಿಗೆ ‘ಟೀಚರ್’. ನಿನ್ನೆ ಮೊನ್ನೆ ಬಂದವಳು ‘ಅಕ್ಕಾ’! ಸಾಲದ್ದಕ್ಕೆ ನೋಡಲು ಚಂದ ಬೇರೆ ಇದ್ದಳು.

ಹತ್ತನೇ ತರಗತಿಯ ಒಬ್ಬ ಹುಡುಗಿ ನನ್ನವಳೇ ಎಂದುಕೊಂಡಿದ್ದೆ. ಅಕ್ಷರ ದುಂಡಗೆ, ಓದು ಸ್ಪಷ್ಟ. ತಾಯಿ ಯಲಬುರ್ಗಾ ಕಡೆಯ ತಳಕಲ್‌ನಿಂದ ಭತ್ತದ ನಾಟಿಗೆ ಬಂದವಳು. ತಾಯಿ ಮಗಳು ಕಾಲುವೆ ದಂಡೆಯ ಕಡೆ ಎಲ್ಲೋ ಇದ್ದಾರೆ ಎಂಬುದಷ್ಟೇ ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಗೇಟಿನಲ್ಲೇ ನಿಲ್ಲಿಸಿ ಕೇಳುತ್ತಿದ್ದೆ.

“ಊಟ ಆತೇನವಾ?”

“ಆತ್ರಿ ಟೀಚರ್.”

ನನ್ನಷ್ಟು ಕಕ್ಕುಲಾತಿಯಿಂದ ಆ ಶಾಲೆಯಲ್ಲಿ ಇನ್ಯಾರು ಕೇಳುತ್ತಿದ್ದರು, ಹೇಳಿ?

ಅಕ್ಕ ಏನನ್ನೂ ಕೇಳಲಿಲ್ಲ. ಬೇವಿನ ಮರದ ಕೆಳಗೆ ತನ್ನ ಡಬ್ಬಿ ಬಿಚ್ಚಿ, “ಬಾರವಾ, ನನಗ ಒಬ್ಬಾಕಿಗೆ ಉಣ್ಣಾಕ ಬ್ಯಾಸರ” ಎಂದಳು. ಹುಡುಗಿ ಹೋಗಿ ಕುಳಿತಳು, ರೊಟ್ಟಿ ಮುರಿದಳು, ಆಮೇಲೆ ಬಾಯಿ ಬಿಟ್ಟಳು. ಇರುವುದು ತಾಡಪತ್ರಿಯ ಕೆಳಗೆ. ಶಾಲೆಯ ಬಿಸಿಯೂಟ ಬಿಟ್ಟರೆ ಎಷ್ಟೋ ದಿನ ಒಲೆ ಹೊತ್ತುವುದಿಲ್ಲ. ನಾಟಿ ಮುಗಿದು, ಅವ್ವ ಕುಷ್ಟಗಿಯ ದಾಳಿಂಬೆ ತೋಟಗಳಿಗೆ ಕೂಲಿಗೆ ಹೊರಟಿದ್ದಾಳೆ. ಹಾಸ್ಟೆಲ್ ಸಿಗದಿದ್ದರೆ ತಾನೂ ಹೋಗಬೇಕು. ಪರೀಕ್ಷೆಯ ಆಸೆ ಬಿಡಬೇಕು. ಇದೆಲ್ಲ ನನಗೆ ಸ್ಟಾಫ್ ರೂಮಿನಲ್ಲಿ ಅಕ್ಕನ ಬಾಯಿಂದ ತಿಳಿಯಿತು. ಎಲಾ ಇವಳಾ! ನನ್ನ ಹುಡುಗಿಯ ಸಂಕಟವನ್ನು ಇವಳು ಬಂದು ನನಗೆ ಹೇಳುವುದೇ? ಕರುಳು ಚುರ್ ಎಂದದ್ದು ನಿಜ. ಹೊಟ್ಟೆ ಉರಿದದ್ದೂ ಅಷ್ಟೇ ನಿಜ.

“ನಾಳೆ ಕೊಪ್ಪಳಕ್ಕ ಹೊಂಟೀವ್ರಿ ಟೀಚರ್, ಹಾಸ್ಟೆಲ್ ಸಾಹೇಬ್ರನ್ನ ಕಾಣಾಕ,” ಅಂದಳು.

“ನಾನೂ ಬರ್ತೀನಿ,” ಅಂದೆ. ಅವಳೊಬ್ಬಳೇ ಹೋಗಿ ಗೆದ್ದು ಬರುವುದನ್ನು ನೋಡಿಕೊಂಡು ಕೂರುವುದು ನನ್ನಿಂದಾಗದ ಮಾತು.

ಮರುದಿನ ಗುಮಾಸ್ತ ‘ಈಗ ಬರ್ತಾರ’ ಎಂದದ್ದನ್ನು ನಂಬಿ ನಾವು ಮೂವರೂ ಬೆಳಿಗ್ಗೆಯಿಂದ ಕಚೇರಿಯ ಬೆಂಚು ಬಿಟ್ಟು ಏಳಲಿಲ್ಲ. ಸಾಹೇಬರು ಮೀಟಿಂಗ್ ಮುಗಿಸಿ ಬಂದಾಗ ಮಧ್ಯಾಹ್ನ ಜಾರಿತ್ತು. ಅಕ್ಕ ಮಾತಿಗಿಳಿದಳು. ಎಂಥ ಮಾತು! ದನಿ ಏರಿಸಲಿಲ್ಲ, ಹಿಡಿದದ್ದನ್ನು ಬಿಡಲೂ ಇಲ್ಲ. ಅದಕ್ಕೂ ನನಗೆ ಮತ್ಸರವಾಯಿತು. ಸಾಹೇಬರು ಮೆತ್ತಗಾದರು.

“ಊಟಕ್ಕ ಭಾಳ ತ್ರಾಸ ಐತಿ ಅಂದ್ರ ನಡುವರ್ಷದಾಗೂ ತಗೊಳ್ಳಾಕ ಬರ್ತೈತ್ರಿ,” ಎಂದು ಪೆನ್ನು ತೆಗೆದು, ಹುಡುಗಿಯನ್ನು ಪ್ರೀತಿಯಿಂದಲೇ ಕೇಳಿದರು. “ಊಟ ಆತೇನವಾ?”

“ಆತ್ರಿ ಸಾಹೇಬ್ರ.”

ಒಂದು ಕಪ್ ಚಹಾ ಬಿಟ್ಟರೆ ಅವಳ ಹೊಟ್ಟೆಗೆ ಅಂದು ಏನೂ ಬಿದ್ದಿರಲಿಲ್ಲ! ಸಾಹೇಬರು ಪೆನ್ನು ಕೆಳಗಿಟ್ಟರು. “ಮತ್ತ? ಹುಡುಗೀನ ಆತು ಅನ್ನಾಕತ್ತಾಳಲ್ರಿ ಮೇಡಂ.”

ಅಕ್ಕ ಅಂದು ಮೊದಲ ಸಲ ತಡವರಿಸಿದಳು. ಆ ಪ್ರಶ್ನೆಯನ್ನು ಆ ಹುಡುಗಿಗೆ ಎಂದೂ ಕೇಳಿದವಳಲ್ಲ, ಆ ಉತ್ತರ ಅವಳಿಗೆ ಹೊಸದು. ನನಗೆ ಹೊಸದೇ?

“ಸಾಹೇಬ್ರ, ನಿಮ್ಮದು ಊಟ ಆತೇನ್ರಿ?” ಎಂದೆ.

“ಹೂಂ, ಆತ್ರಿ, ಆತು.”

“ಮತ್ತ ಈ ಡಬ್ಬಿ ಯಾರದ್ರಿ?”

ಮೇಜಿನ ತುದಿಯಲ್ಲಿ ಅವರ ಡಬ್ಬಿ ಮುಚ್ಚಳ ತೆಗೆಯದೆ ಕುಳಿತಿತ್ತು. ಗುಮಾಸ್ತ ನಕ್ಕೇಬಿಟ್ಟ.

“ನಮ್ಮ ಕಡೆ ಉಪಾಸ ಇದ್ದಾವ್ರೂ ಆತು ಅಂತಾರ್ರಿ. ಈಗ ನೀವ ಅಂದ್ರಿ. ಅದು ಮರ್ಯಾದಿ ಮಾತ್ರಿ. ಅದನ್ನ ಹಿಡ್ಕೊಂಡು ಈಕಿ ಸಾಲಿ ಬಿಡಸ್ತೀರೇನ್ರಿ?”

ನನ್ನ ದನಿ ಹೊರಗಿನ ವರಾಂಡದವರೆಗೂ ಕೇಳಿಸಿರಬೇಕು. ಸಾಹೇಬರು ಡಬ್ಬಿ ನೋಡಿದರು, ಹುಡುಗಿಯನ್ನು ನೋಡಿದರು, ಪೆನ್ನು ಎತ್ತಿಕೊಂಡರು. ಸೀಟು ಸಿಕ್ಕಿತು.

ಗೆದ್ದದ್ದು ಯಾರು? ನಾನು. ಹೊರಗೆ ಬಂದ ಕೂಡಲೇ ಹುಡುಗಿ ತಬ್ಬಿಕೊಂಡದ್ದು ಯಾರನ್ನು? ಅಕ್ಕನನ್ನು! ಬಸ್ ನಿಲ್ದಾಣದವರೆಗೂ ಅವರಿಬ್ಬರು ಕೈ ಕೈ ಹಿಡಿದು ಮುಂದೆ, ನಾನು ಚೀಲ ಹೊತ್ತು ಹಿಂದೆ. ಮುಖ ಊದಿಸಿಕೊಂಡೇ ನಡೆದೆ.

ಖಾನಾವಳಿಯ ಮುಂದೆ ಅಕ್ಕ ಗಂಗಾವತಿ ಬಸ್ಸು ವಿಚಾರಿಸಲು ಯಾರನ್ನೋ ಮಾತಾಡಿಸುತ್ತಾ ನಿಂತಳು. ಹುಡುಗಿ ಅವಳ ಕೈ ಬಿಟ್ಟು ನನ್ನ ಹತ್ತಿರ ಬಂದಳು. ಏನು ಮಾತಾಡಬೇಕೋ ತೋಚದೆ, ಗೊತ್ತಿದ್ದೂ ಗೊತ್ತಿದ್ದೂ, ರೂಢಿಯ ಮಾತೇ ಬಾಯಿಗೆ ಬಂತು.

“ಊಟ ಆತೇನವಾ?”

ಅವಳು ನನ್ನ ಮುಖವನ್ನೇ ನೋಡಿದಳು.

“ಇಲ್ರಿ ಟೀಚರ್. ಭಾಳ ಹಸಿವಾಗೈತ್ರಿ.”

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೆ ಅಕ್ಕ ಆಚೆ ತಿರುಗಿ ನಿಂತಿದ್ದಳು, ಅವಳಿಗೆ ಕೇಳಿಸಿರಲಿಲ್ಲ.

“ಏನಂದಿ? ಈ ಗದ್ದಲದಾಗ ಕೇಳಲಿಲ್ಲ,” ಎಂದೆ. “ಜೋರಾಗಿ ಹೇಳವಾ.”