ಅಪ್ಪ ಕೂರುತ್ತಿದ್ದ ಹಲಗೆ

ಐಲಾ ಪಕಾರಿನೆನ್ ಎದುರಿಗೆ ‘ಇದು ಆಗದ ಕೆಲಸ’ ಎನ್ನಬಾರದು. ಅಂದರೆ ಮುಗಿಯಿತು, ಅದನ್ನು ಮಾಡಿ ತೋರಿಸುವ ತನಕ ಆಕೆಗೆ ಊಟ ರುಚಿಸದು, ಸುತ್ತಲಿನವರಿಗೂ ನೆಮ್ಮದಿ ಇರದು. ಫಿನ್ಲೆಂಡಿನ ಸಾವೊ ಸೀಮೆಯ ಹಿಮದ ದಾರಿಗಳಲ್ಲಿ ಬಸ್ಸು ಓಡಿಸಿ ನಿವೃತ್ತಳಾದ ಮೇಲೆ, ಸೌದೆ ಕೊಟ್ಟಿಗೆಯ ಅರ್ಧ ಭಾಗದಲ್ಲಿ ಕೂತು ಚಾಕುಗಳಿಗೆ ಮರದ ಹಿಡಿ ಕೂರಿಸುತ್ತಿದ್ದಳು. ಪಕ್ಕದ ಮನೆಯಲ್ಲಿ ತಮ್ಮ ಕಾಲೆರ್ವೊ. ಇಬ್ಬರಿಗೂ ಸೇರಿ ಸರೋವರದ ದಡದಲ್ಲಿ ಒಂದೇ ಸೌನಾ, ಅಂದರೆ ಹಬೆಸ್ನಾನದ ಮನೆ.

ಮಧ್ಯಬೇಸಿಗೆಯ ಹಬ್ಬಕ್ಕೆ ದಡದಲ್ಲಿ ದೊಡ್ಡ ಬೆಂಕಿ ಹಾಕಿ ಹಳೆಯ ದೋಣಿಗಳನ್ನು ಸುಡುವುದು ವಾಡಿಕೆ. ಆ ವರ್ಷ ಅಪ್ಪನ ದೋಣಿಯ ಸರದಿ. ಐಲಾ ಬರುವಷ್ಟರಲ್ಲಿ ಕಾಲೆರ್ವೊ ಅದನ್ನು ಸೌದೆ ರಾಶಿಯ ಮೇಲೇರಿಸಿ ಆಗಿತ್ತು. ಆಕೆ ಗರಗಸ ಹಿಡಿದು ರಾಶಿ ಹತ್ತಿ, ಅಪ್ಪ ಕೂರುತ್ತಿದ್ದ ಬರ್ಚ್ ಮರದ ಹಲಗೆಯಿಂದ ಮೂರು ತುಂಡು ಕೊಯ್ದುಕೊಂಡು ಇಳಿದಳು.

“ಅಕ್ಕಾ, ಪೂರ್ತಿ ಲಡ್ಡಾಗಿದೆ ಕಣೇ, ಒತ್ತಿದ್ರೆ ಪುಡಿ ಉದುರುತ್ತೆ. ಬೆಂಕಿಗೇ ಲಾಯಕ್ಕು ಅದು.”

“ನಿನ್ನ ತಲೇನೂ ಅಷ್ಟೇ. ಅದನ್ನ ಬೆಂಕಿಗೆ ಹಾಕಿದೀನಾ?”

ಅಪ್ಪನದೆಂದು ಕೈಯಲ್ಲಿ ಹಿಡಿಯಬಹುದಾದ ಒಂದೇ ಒಂದು ವಸ್ತು ಆಕೆಗೆ ಬೇಕಿತ್ತು. ಒಂದು ತುಂಡಿನ ಮೇಲೆ ಅಪ್ಪ ಕೆತ್ತಿದ ಕಚ್ಚೂ ಇತ್ತು. ಹುಡುಗಿಯಾಗಿದ್ದಾಗ ಐಲಾ ಹಿಡಿದ ಪೈಕ್ ಮೀನಿನ ಉದ್ದದ ಗುರುತು. ಆ ತುಂಡನ್ನು ಕೊನೆಗೆಂದು ಎತ್ತಿಟ್ಟಳು.

ಇಂಥ ಲಡ್ಡು ಮರ ಚಾಕುವಿನ ಹಿಡಿಯಾಗಬೇಕಾದರೆ ಅದಕ್ಕೆ ರೆಸಿನ್ ಎಂಬ ಅಂಟುದ್ರವ ಕುಡಿಸಬೇಕು. ಪಾತ್ರೆಯಲ್ಲಿ ಮುಳುಗಿಸಿಟ್ಟು ಪಂಪಿನಿಂದ ಒಳಗಿನ ಗಾಳಿ ಹೊರಗೆಳೆದರೆ ಮರದೊಳಗಿಂದ ಬುಳುಬುಳು ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ಮತ್ತೆ ಗಾಳಿ ಒಳಬಿಟ್ಟರೆ ಖಾಲಿಯಾದ ಜಾಗಕ್ಕೆಲ್ಲ ರೆಸಿನ್ ನುಗ್ಗುತ್ತದೆ. ಆಮೇಲೆ ಓವನ್ನಿನಲ್ಲಿ ಕಾಯಿಸಿದರೆ ಗಟ್ಟಿಯಾಗುತ್ತದೆ. ಮರದಲ್ಲಿ ತೇವ ಮಾತ್ರ ಇರಕೂಡದು.

ಒಣಗಿಸಲು ಸೌನಾದ ಮೇಲಿನ ಬೆಂಚಿಗಿಂತ ಬಿಸಿಯಾದ ಜಾಗ ಎಲ್ಲಿದೆ? ಎರಡು ತುಂಡನ್ನು ಅಲ್ಲಿಟ್ಟಳು. ಶನಿವಾರ ಬಂತು. ಎಂದಿನಂತೆ ಮೊದಲು ಅಕ್ಕ, ಆಮೇಲೆ ತಮ್ಮ, ಕಾದ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಬೆವರಿದರು. ಪಕ್ಕದಲ್ಲಿದ್ದ ತುಂಡುಗಳೂ ಹಬೆ ಕುಡಿದವು. ಹುಟ್ಟಿದಾಗಿನಿಂದ ಬಂದ ಅಭ್ಯಾಸ ನೋಡಿ, ಎರಚುತ್ತಿರುವುದು ನೀರು ಎಂಬುದೇ ಐಲಾಗೆ ಹೊಳೆಯಲಿಲ್ಲ.

ರೆಸಿನ್ ಕುಡಿಸಿ ಕಾಯಿಸಿದಾಗ ಎರಡೂ ತುಂಡಿನ ಮೈ ಅಂಟಂಟು, ಒಳಗೆ ಅದೇ ಹಳೇ ಪುಡಿ.

“ಸೌನಾದಲ್ಲಿ ಒಣಗಿಸಿದ್ಯಾ? ನಾನು ಬಕೆಟ್ಟುಗಟ್ಟಲೆ ನೀರು ಎರಚಿದೀನಲ್ಲೇ ಮಾರಾಯ್ತಿ!” ಕಾಲೆರ್ವೊ ಹೊಟ್ಟೆ ಹಿಡಿದುಕೊಂಡು ನಕ್ಕ.

ಐಲಾಗೆ ಅಳು ಬಂತು. ಕೋಪವೂ ಬಂತು, ತನ್ನ ಮೇಲೆಯೇ. ಉಳಿದದ್ದು ಅಪ್ಪನ ಕಚ್ಚು ಇದ್ದ ತುಂಡು ಮಾತ್ರ. ಉಳಿದ ದೋಣಿಯೆಲ್ಲ ಬೂದಿಯಾಗಿತ್ತು.

ಅದನ್ನು ಅಡುಗೆಮನೆಯ ಓವನ್ನಿನಲ್ಲಿ ಸಣ್ಣ ಉರಿಗಿಟ್ಟಳು. ಆಗಾಗ ತೆಗೆದು ಹಿಟ್ಟಿನ ತಕ್ಕಡಿಯಲ್ಲಿ ತೂಗುವುದು, ಮತ್ತೆ ಇಡುವುದು. ತೂಕ ಇಳಿಯುವುದು ನಿಲ್ಲುವವರೆಗೂ ಇದೇ ಕೆಲಸ.

“ಕಾಫಿ ಜೊತೆ ಏಲಕ್ಕಿ ಬನ್ನು ಇಲ್ವಾ?” ಎಂದ ಕಾಲೆರ್ವೊ.

“ಓವನ್ ಖಾಲಿ ಇಲ್ಲ. ಬರೀ ಕಾಫಿ ಕುಡಿದು ಹೋಗು.”

ಒಣಗಿದ ತುಂಡನ್ನು ಬಿಗಿಯಾದ ಡಬ್ಬಿಯಲ್ಲಿಟ್ಟು ಆರಿಸಿ, ನೇರ ರೆಸಿನ್ನಿಗೆ ಹಾಕಿದಳು. ಕೊನೆಯ ಗುಳ್ಳೆ ಏಳುವ ತನಕ ಪಂಪಿನ ಪಕ್ಕದಿಂದ ಕದಲಲಿಲ್ಲ. ಕೊಟ್ಟಿಗೆಯ ಹಳೇ ಓವನ್ನಿನಲ್ಲಿ ಕಾಯಿಸಿ ತೆಗೆದಾಗ ಉಗುರಿನಿಂದ ಗೀರಿದಳು. ಗೀರು ಬೀಳಲಿಲ್ಲ. ಕಚ್ಚು ಇದ್ದ ಮೈಯನ್ನು ಹಾಗೇ ಬಿಟ್ಟು ಉಳಿದದ್ದನ್ನು ಉಜ್ಜಿ ಒಂದು ಚಾಕುವಿಗೆ ಹಿಡಿ ಮಾಡಿದಳು.

ಮರುವರ್ಷ ಬೆಂಕಿಯ ಮುಂದೆ ಮೀನು ಸೀಳಲು ಆ ಚಾಕುವನ್ನೇ ತಮ್ಮನಿಗೆ ಕೊಟ್ಟಳು. ಅವನ ಹೆಬ್ಬೆರಳು ಕಚ್ಚಿಗೆ ತಾಗಿ ನಿಂತಿತು.

“ಅದು ನನ್ನ ಪೈಕ್ ಮೀನಿನ ಗುರುತು. ದೋಣಿ ಸುಟ್ರೆ ಗುರುತೂ ಹೋಗುತ್ತೆ ಅಂದ್ಕೊಂಡಿದ್ಯೇನೋ?” ಐಲಾ ನಕ್ಕಳು.

ಕಾಲೆರ್ವೊ ನಗಲಿಲ್ಲ. “ಅಂದ್ಕೊಂಡಿದ್ದೆ. ನನ್ನ ಮೀನಿಗೆ ಅಪ್ಪ ಒಂದು ಗೀರೂ ಹಾಕ್ಲಿಲ್ಲ ಕಣೇ.”

ಇಷ್ಟು ವರ್ಷ ಅವನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಎಂದು ಐಲಾಗೆ ಈಗ ತಿಳಿಯಿತು. ಸೊಂಟದಲ್ಲಿದ್ದ ಇನ್ನೊಂದು ಚಾಕು ತೆಗೆದು ಅವನಿಗೆ ಕೊಟ್ಟಳು.

“ತಗೋ. ಪಕ್ಕದಲ್ಲೇ ನಿಂದೂ ಒಂದು ಕಚ್ಚು ಹಾಕು.”

ಅವನು ಒತ್ತಿದ. ಅಲಗು ಜಾರಿತು. ಹಲ್ಲು ಕಚ್ಚಿ ಮತ್ತೆ ಒತ್ತಿದ.

“ಅಬ್ಬಾ, ಏನು ಗಟ್ಟಿ ಇದೆ ಅಕ್ಕಾ ಇದು!”

“ಇನ್ನೊಂದ್ಸಲ ಹೇಳು” ಎಂದಳು ಐಲಾ.