ಕಕ್ಕಬೆಯಲ್ಲಿ ಇಳಿದ ಪದರು ಮೋಡ

ಮಡಿಕೇರಿಯಿಂದ ನಾಪೋಕ್ಲು ದಾರಿಯಾಗಿ ಬಂದ ಬಸ್ಸು ಕಕ್ಕಬೆ ತಲುಪಿದಾಗ ಒಳ್ಳೆ ಬಿಸಿಲಿತ್ತು. ಚೀಲ ಇಳಿಸುವಷ್ಟರಲ್ಲಿ ಮಳೆ ಹನಿಯತೊಡಗಿತು. ಮೊಬೈಲು ಮಾತ್ರ ವಾರವಿಡೀ ಸೂರ್ಯನನ್ನೇ ತೋರಿಸುತ್ತಿತ್ತು. "ನಿನ್ನ ಮೋಡಗಳು ಪಾಠ ಓದಿಕೊಂಡು ಬಂದಿಲ್ಲ ಕಣೆ," ಎಂದು ನಮ್ಮ ಯಜಮಾನರು ಚುಡಾಯಿಸಿದರು. ನಾನು ಚಿತ್ರದುರ್ಗದಲ್ಲಿ ಭೂಗೋಳದ ಟೀಚರು. ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸುವ ಮೋಡಗಳನ್ನು ಕಣ್ಣಾರೆ ನೋಡಬೇಕೆಂಬುದೇ ಈ ದಸರಾ ರಜೆಯ ಪ್ರವಾಸಕ್ಕೆ ನೆಪ.

ನಾವು ಉಳಿದದ್ದು ರಸ್ತೆಯಿಂದ ಸ್ವಲ್ಪ ಮೇಲೆ, ಕಾಫಿ ತೋಟದೊಳಗಿನ ಹೋಂಸ್ಟೇಯಲ್ಲಿ. ಅದನ್ನು ಜಾನಕಮ್ಮ ಎಂಬ ವಯಸ್ಸಾದ ಹೆಂಗಸು ಒಬ್ಬರೇ ನಡೆಸುತ್ತಿದ್ದರು. ಜಗಲಿಯ ತೊಲೆಗೆ ರೈಲು ಕಂಬಿಯ ತುಂಡೊಂದು ತೂಗುತ್ತಿತ್ತು. ಹಿಂದೆ ತೋಟದ ಲೈನ್‌ಮನೆಗಳ ಕೂಲಿ ಕೆಲಸದವರನ್ನು ಬೆಳಿಗ್ಗೆ ಕರೆಯಲು ಬಡಿಯುತ್ತಿದ್ದದ್ದಂತೆ.

"ಈಗ ಮೋಡ ಕೆಳಗೆ ಇಳಿದ್ರೆ ಮಾತ್ರ ಬಡಿಯೋದು. ಹೊರಗೆ ಹೋದವರಿಗೆ ಮನೆ ಯಾವ ಕಡೆ ಅಂತ ಗೊತ್ತಾಗ್ಬೇಕಲ್ಲ," ಎಂದರು ಜಾನಕಮ್ಮ, ಅಕ್ಕಿ ರೊಟ್ಟಿಗೆ ಜೇನು ಸುರಿಯುತ್ತಾ. "ಬಾಯಲ್ಲಿ ಕೂಗುವ ಹಾಗಿಲ್ಲ. ಬಂದವರು ಅವರೇ ಒಂದ್ಸಲ ಬಡೀಬೇಕು. ಆಗ ಬಂದ ಲೆಕ್ಕ."

"ಕೂಗಿದರೆ ಏನಾಗುತ್ತೆ?" ಎಂದೆ.

"ಎಂತದೂ ಇಲ್ಲ. ಕೂಗಿದ್ದು ಯಾರು ಅಂತ ಗೊತ್ತಾಗೋದಿಲ್ಲ, ಅಷ್ಟೇ."

ಸೋಮವಾರ ಮಧ್ಯಾಹ್ನ ತಡಿಯಂಡಮೋಳ್ ಬೆಟ್ಟದ ಹಿಂದಿನಿಂದ ರಾಶಿ ಮೋಡಗಳು ಎದ್ದವು, ನಮ್ಮೂರ ಹತ್ತಿ ಜಿನ್ನಿನಲ್ಲಿ ಸುರಿದ ಅರಳೆಯ ಹಾಗೆ. ಮಂಗಳವಾರ ಅವೇ ಕಪ್ಪಾಗಿ ಗುಡುಗಿ, ಕರೆಂಟು ಹೋಯಿತು. ಬುಧವಾರ ತೊಳೆದಿಟ್ಟ ಆಕಾಶದಲ್ಲಿ ಹಿಮಕಣ ಮೋಡದ ತೆಳು ಎಳೆಗಳು. ನನಗೆ ಖುಷಿಯೋ ಖುಷಿ. ಗುರುವಾರ ಬೆಳಿಗ್ಗೆ ಬಿಸಿಲಿದೆಯೆಂದು ಇವರು ಬೆಟ್ಟದ ಕಾಲುದಾರಿಯಲ್ಲಿ ಒಬ್ಬರೇ ವಾಕಿಂಗ್ ಹೊರಟರು.

ಪದರು ಮೋಡ ಭೂಮಿಗೆ ಹತ್ತಿರವಿರುತ್ತದೆ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು ನಾನು. ಅದು ಅಂಗಳಕ್ಕೆ ಬರುತ್ತದೆಂದು ಎಣಿಸಿರಲಿಲ್ಲ. ಸದ್ದಿಲ್ಲದೆ ಇಳಿದು, ಸಿಲ್ವರ್ ಓಕ್ ಮರಗಳನ್ನು ಒಂದೊಂದಾಗಿ ನುಂಗಿ, ತುಳಸಿ ಕಟ್ಟೆಯ ಹತ್ತಿರ ಬಂದು ನಿಂತಿತು. ಹಕ್ಕಿಗಳೂ ಸುಮ್ಮನಾದವು. "ರೀ" ಎಂದು ಕೂಗಲು ಬಾಯಿ ತೆರೆದೆ. ಜಾನಕಮ್ಮ ಒಂದು ಕೈಯಿಂದ ನನ್ನ ಬಾಯಿ ಮುಚ್ಚಿ, ಇನ್ನೊಂದರಿಂದ ಕಂಬಿ ಬಡಿಯುತ್ತಲೇ ಇದ್ದರು.

ಎಷ್ಟೋ ಹೊತ್ತಿನ ಮೇಲೆ ಇವರು ಒದ್ದೆಯಾಗಿ ಬಂದರು. ಮುಖ ಬಿಳಿಚಿಕೊಂಡಿತ್ತು.

"ಮೇಲೆ ನಿಂತು ಯಾಕೆ ಕರೀತಿದ್ದೆ?"

"ನಾನು ಇಲ್ಲೇ ಇದ್ದೆನಲ್ಲರೀ."

"ರೀ, ರೀ ಅಂತ ನಿನ್ನದೇ ದನಿ. ಹತ್ತಿಕೊಂಡು ಹೋಗ್ತಾ ಇದ್ದೆ. ಕಬ್ಬಿಣದ ಸದ್ದು ಕೆಳಗೆ ಕೇಳಿಸ್ತು, ತಿರುಗಿಬಿಟ್ಟೆ."

ಜಾನಕಮ್ಮ ಸುತ್ತಿಗೆ ಚಾಚಿದರು. "ಒಂದ್ಸಲ ಬಡೀರಿ ಸಾರ್." ಇವರಿಗೆ ಹೆದರಿಕೆ ತೋರಿಸಿಕೊಳ್ಳಲು ನಾಚಿಕೆ. "ನಾನೇ ಎದುರಿಗಿದ್ದೀನಲ್ಲ, ಇನ್ಯಾತರ ಹಾಜರಿ?" ಎಂದು ನಕ್ಕು ಒಳಗೆ ನಡೆದರು. ಆ ದಿನವೆಲ್ಲ ಇವರು ಮಾತಿನ ನಡುವೆ ಬೆಟ್ಟದ ಕಡೆ ತಿರುಗಿ, ಯಾರಿಗೋ ಓಗೊಡುವವರಂತೆ ಬಾಯಿ ತೆರೆದು ಸುಮ್ಮನಾಗುತ್ತಿದ್ದರು. ನನ್ನ ಗಂಡ ಪೂರ್ತಿ ಬಂದಿಲ್ಲ ಅನ್ನಿಸಿ ಅಳು ಬಂತು.

ಶುಕ್ರವಾರ ಹೊರಟೆವು. ಜಾನಕಮ್ಮ ದಾರಿಗೆಂದು ಸ್ಟೀಲ್ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಟ್ಟು ಮತ್ತೆ ಸುತ್ತಿಗೆ ಚಾಚಿದರು. ಬಸ್ಸಿಗೆ ತಡವಾಗುತ್ತದೆಂದು ಇವರು ಚೀಲ ಎತ್ತಿಕೊಂಡು ಇಳಿದುಬಿಟ್ಟರು. ರಸ್ತೆ ಬದಿಯ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾಗ ಮೋಡವೂ ಇಳಿಯಿತು. ಮೇಲೆ ಕಂಬಿಯ ಸದ್ದು ಶುರುವಾಯಿತು.

"ಜಾನಕಮ್ಮಂದು," ಎಂದ ಅಂಗಡಿಯವನು. "ಯಾರೋ ಇನ್ನೂ ಬರ್ಲಿಕ್ಕುಂಟು ಅಂತ ಕಾಣ್ತದೆ."

ಆ ಮನೆಯಲ್ಲಿ ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಇವರು ಲೋಟ ಕೆಳಗಿಟ್ಟರು. "ಬಸ್ ಬಂದರೆ ಬಿಟ್ಟುಬಿಡು. ಇಲ್ಲೇ ಇರು," ಎಂದು ಮೋಡದೊಳಗೆ ಹತ್ತಿಹೋದರು.

ಬಸ್ಸು ಬಂತು, ಹೋಯಿತು. ಕಂಬಿಯ ಸದ್ದು ನಿಂತಿತು. ಆಮೇಲೆ ಒಂದೇ ಒಂದು ಗಟ್ಟಿ ಪೆಟ್ಟು ಕೇಳಿಸಿತು. ಬಡಿದರಲ್ಲ ಎಂದು ಉಸಿರು ಬಿಟ್ಟೆ. ಇನ್ನು ಇಳಿದು ಬರಬೇಕು, ಅಷ್ಟೇ.

ಆಗ ಬೆಟ್ಟದ ಮೇಲಿನಿಂದ ನನ್ನದೇ ದನಿ ಕರೆಯಿತು. "ರೀ..."

ಅದು ನಾನಲ್ಲ ಎಂದು ಕಿರುಚಬೇಕೆನಿಸಿತು. ಕಿರುಚಿದರೆ ಇವರಿಗೆ ಎರಡು ದನಿ ಕೇಳುತ್ತಿದ್ದವು. ತುಟಿ ಕಚ್ಚಿಕೊಂಡು ಡಬ್ಬಿಯ ರೊಟ್ಟಿಯನ್ನು ಬೆಂಚಿಗೆ ಸುರಿದೆ, ಅಂಗಡಿಯವನ ಚಮಚ ಕಸಿದುಕೊಂಡು ಖಾಲಿ ಡಬ್ಬಿ ಬಡಿಯತೊಡಗಿದೆ. ಮೇಲಿನ ದನಿ ಇನ್ನಷ್ಟು ಅಕ್ಕರೆಯಿಂದ ಕರೆಯಿತು. ನಾನು ಬಡಿಯುತ್ತಲೇ ಇದ್ದೆ.

ಬೂದು ಮೋಡದಿಂದ ಮೊದಲು ಇವರ ಚಪ್ಪಲಿ ಕಂಡಿತು, ಆಮೇಲೆ ಇವರು. ನನ್ನ ಕೈಯಿಂದ ಚಮಚ ತೆಗೆದುಕೊಂಡು, ತಾವೇ ಡಬ್ಬಿಗೆ ಒಂದು ಸಲ ಬಡಿದರು.