ಎನಿಡ್ ಕಟ್ಟಿಕೊಂಡ ಬೆಲ್ಟು

ಕೂರಬಿ ಕಡಲ ದಂಡೆಯ ಡಾನ್ಸ್ ಹಾಲನ್ನು ಕೆಡವುತ್ತಾರಂತೆ. ಅದಕ್ಕೆ ಮುಂಚೆ ಹಳೆಯ ಫೋಟೋಗಳನ್ನೆಲ್ಲ ಗೋಡೆಗೆ ಹಾಕಿ ಒಂದು ಚಹಾಕೂಟ ಮಾಡಬೇಕೆಂದು ಸಮಿತಿಯವರ ಆಸೆ. ಸತ್ತ ಮೇಲೆ ಹೊಗಳುವುದು ನಮ್ಮೂರಿನ ಚಾಳಿ, ಕಟ್ಟಡವೂ ಅದಕ್ಕೆ ಹೊರತಲ್ಲ. ಎನಿಡ್ ಪ್ರಾಸರ್ ಮನೆಗೂ ಒಂದು ಫೋಟೋ ಬಂತು, ಕೆಳಗೆ ಏನು ಬರೆಯಬೇಕು ತಿಳಿಸಿ ಎಂದು. 1936ರ ಹೊಸ ವರ್ಷದ ದಿನ, ವೇಷದ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಹತ್ತೊಂಬತ್ತರ ಎನಿಡ್ ಅಣ್ಣನ ಈಜುಡುಗೆ ತೊಟ್ಟು ನಿಂತಿದ್ದಾಳೆ. ಸೊಂಟದಲ್ಲಿ ದಂಡೆ ಕಾಯುವವರ ಬೆಲ್ಟು.

ಆ ಬೆಲ್ಟು ವೇಷದ್ದಲ್ಲ, ದಂಡೆಯ ಹಗ್ಗದ ರಾಟೆಗೆ ಸೇರಿದ್ದು. ಯಾರಾದರೂ ಮುಳುಗುತ್ತಿದ್ದರೆ ಒಬ್ಬ ಅದನ್ನು ಕಟ್ಟಿಕೊಂಡು ನೀರಿಗೆ ಹಾರಬೇಕು, ಉಳಿದವರು ರಾಟೆ ಸುತ್ತಿ ಇಬ್ಬರನ್ನೂ ಎಳೆದುಕೊಳ್ಳಬೇಕು. ರಾಟೆಯ ಶೆಡ್ಡಿನ ಬೀಗದ ಕೈ ಇದ್ದದ್ದು ಅಣ್ಣ ಕ್ಲಾರಿಯ ಬಳಿ. ಮಧ್ಯಾಹ್ನ ಅವನು ಉಂಡು ಒರಗಿದಾಗ ಎನಿಡ್ ಅವನ ಕೋಟಿನ ಜೇಬಿಗೆ ಕೈ ಹಾಕಿದಳು. ಗೋಣಿಯಲ್ಲಿ ಒಂದು ಬೆಲ್ಟು ಹೊಲಿದುಕೊಂಡಿದ್ದರೂ ಸಾಕಿತ್ತು. ಹುಡುಗಿಗೆ ನಿಜವಾದದ್ದೇ ಬೇಕಿತ್ತು. ಐದು ಗಂಟೆಗೆ ಹಾಲಿನಲ್ಲಿ ಅವಳ ಹೆಸರು ಕೂಗಿದರು. ಅದೇ ಹೊತ್ತಿಗೆ ದಂಡೆಯಲ್ಲಿ ಹುಡುಗಿಯೊಬ್ಬಳು ಮುಳುಗುತ್ತಿದ್ದಳು. ಕಾವಲಿದ್ದ ಲೆಸ್ ಮೆಕಿನ್‌ಟೈರ್ ರಾಟೆಗೆ ಕೈ ಹಾಕಿ, ಬರೀ ಹಗ್ಗ ಕಂಡು, ಅದನ್ನು ಸುತ್ತಿಕೊಳ್ಳುವಷ್ಟೂ ವ್ಯವಧಾನವಿಲ್ಲದೆ ಹಾಗೇ ಹಾರಿದ. ಪ್ರವಾಸಿಯೊಬ್ಬನ ಮಗಳು ಬದುಕಿದಳು. ಲೆಸ್ ಮೂರನೆಯ ದಿನ ಸಿಕ್ಕ.

ದಂಡೆ ಕಾಯುವವರ ಕ್ಲಬ್ಬಿನ ಸಭೆಯಲ್ಲಿ ಕ್ಲಾರಿ ಎದ್ದು ನಿಂತ. "ನಾನೇ ಕೊಟ್ಟೆ. ನಾನೇ ಸೊಂಟಕ್ಕೆ ಕಟ್ಟಿ ಕಳ್ಸಿದೆ," ಅಂದ. ಎನಿಡ್ ತುಟಿ ಬಿಚ್ಚಲಿಲ್ಲ. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ತಿಂದವಳು ತಂಗಿ, ಕುಡಿದವನು ಅಣ್ಣ. ಲೆಸ್‌ನ ತಂಗಿ ಡಾರಿಗೂ ಕ್ಲಾರಿಗೂ ಈಸ್ಟರ್‌ಗೆ ಮದುವೆ ನಿಶ್ಚಯವಾಗಿತ್ತು. ಅವಳು ಉಂಗುರವನ್ನು ಅವನ ಕಾಲ ಬಳಿ ಎಸೆದಳು. ಕ್ಲಾರಿ ಒಳನಾಡಿನ ಗಣಿಗೆ ಹೋಗಿ ಅಲ್ಲೇ ಕೆಮ್ಮಿ ಕೆಮ್ಮಿ ಸತ್ತ.

ಡಾರಿ ಮದುವೆಯಾಗಲೇ ಇಲ್ಲ. ನಲವತ್ತು ವರ್ಷದಿಂದ ಬೆಳಿಗ್ಗೆ ಹತ್ತಕ್ಕೆ ಎನಿಡ್ ಮನೆಗೆ ಚಹಾಕ್ಕೆ ಬರುತ್ತಾಳೆ. ಅವತ್ತೂ ಬಂದಳು. ಫೋಟೋ ಮೇಜಿನ ಮೇಲೇ ಇತ್ತು.

"ಇದ್ರ ಕೆಳಗೆ ಏನ್ ಬರೀಬೇಕು ಅಂತ ಕೇಳಿದಾರೆ," ಅಂದಳು ಎನಿಡ್.

"ನಿಮ್ಮಣ್ಣನ ಘನಕಾರ್ಯ ಅಂತ ಬರಿ."

ಎನಿಡ್ ಚಹಾದ ಪಾತ್ರೆ ಕೆಳಗಿಟ್ಟಳು. "ಅವನು ಕೊಡ್ಲಿಲ್ಲ ಕಣೇ. ಅವನು ಮಲಗಿದ್ದ. ಬೀಗದ ಕೈ ನಾನೇ ಕದ್ದೆ."

ಡಾರಿ ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಗಣಿಯಿಂದ ನಾಕು ಕಾಗದ ಬರ್ದಿದ್ದ ಅವನು. ಒಂದನ್ನೂ ಒಡೀದೆ ಒಲೆಗೆ ಹಾಕ್ದೆ."

"ಒಡೆದಿದ್ರೂ ಅಷ್ಟೇ. ತಾನೇ ಕೊಟ್ಟೆ ಅಂತಾನೇ ಇರ್ತಿತ್ತು."

"ಅಂದ್ರೆ ನಾನು ಅವನ ಕೈ ತಪ್ಪಿ ಹೋದ್ರೂ ಪರವಾಗಿಲ್ಲ, ನಿನ್ ಹೆಸರು ಉಳೀಲಿ ಅಂದ್ಕೊಂಡ." ಡಾರಿ ಕುರ್ಚಿ ಹಿಡಿದುಕೊಂಡು ಎದ್ದಳು. "ಅವನು ಅಂದ್ಕೊಂಡ, ಸರಿ. ನೀನು ದಿನಾ ನಂಗೆ ಚಹಾ ಬಗ್ಗಿಸ್ತಿದ್ಯಲ್ಲೇ."

ಅವಳು ಹೋದ ಮೇಲೆ ಎನಿಡ್ ಫೋಟೋದ ಹಿಂದೆ ಬರೆದಳು: ಬೆಲ್ಟು ನಾನು ಕದ್ದದ್ದು, ಕ್ಲಾರಿಗೆ ಗೊತ್ತಿರಲಿಲ್ಲ. ಮರುದಿನ ಹತ್ತಕ್ಕೆ ಎರಡು ಬಟ್ಟಲು ಇಟ್ಟು ಕೂತಳು. ಹನ್ನೊಂದಕ್ಕೆ ಎದ್ದು ಒಂದನ್ನು ಒಳಗಿಟ್ಟಳು.